ಗೆದ್ದು ತಂದ ಕಬ್ಬಿಣ

ಶಿರಡಿಗೆ ಹೋಗುವವರು ದಾರಿಯಲ್ಲಿ ಏನೇನು ನೋಡಬೇಕೆಂಬುದನ್ನು ನಮ್ಮ ಸಿರುಗುಪ್ಪದ ಹೆಂಗಸರು ಬಾಯಿಪಾಠ ಹೇಳುತ್ತಾರೆ. ವಿಜಯಪುರದಲ್ಲಿ ಗೋಳಗುಮ್ಮಟ, ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗುಡಿ ಮತ್ತು ಚಾದರದ ಅಂಗಡಿ, ತಿರುಗಿ ಬರುವಾಗ ಸಾಧ್ಯವಾದರೆ ಪಂಢರಪುರ. ಈ ಪಟ್ಟಿಯಲ್ಲಿ ಯುದ್ಧದ ಟ್ಯಾಂಕುಗಳ ಮ್ಯೂಸಿಯಂ ಇಲ್ಲ. ಅದನ್ನು ಸೇರಿಸಿದವಳು ನನ್ನ ನಾದಿನಿ. ಅವಳು ಸೇರಿಸಿದಾಗ ನಮ್ಮ ಗುಂಪಿನ ಹಿರಿಯಾಕೆಯೊಬ್ಬರು, "ನೀರಿನ ಟ್ಯಾಂಕು ನೋಡಾಕ ಅಷ್ಟು ದೂರ ಹೋಗಬೇಕೇನವ್ವಾ? ನಮ್ಮ ಮುನಿಸಿಪಾಲ್ಟಿದು ಇಲ್ಲೇ ಐತಲ್ಲ" ಎಂದರು. ಎಲ್ಲರೂ ನಕ್ಕೆವು. ಆಮೇಲೆ ತಿಳಿದ ವಿಷಯ ಏನೆಂದರೆ ಅವರ ಮಾತು ನಾವು ನಕ್ಕಷ್ಟು ತಪ್ಪೇನಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷರು ಈ ಯಂತ್ರವನ್ನು ಗುಟ್ಟಾಗಿ ತಯಾರಿಸುವಾಗ, ಕೇಳಿದವರಿಗೆ ನೀರಿನ ತೊಟ್ಟಿ ಎಂದೇ ಹೇಳಿದ್ದರಂತೆ. 1916ರಲ್ಲಿ ಅದು ರಣರಂಗಕ್ಕೆ ಬಂದ ಮೇಲೂ ಆ ಸುಳ್ಳು ಹೆಸರೇ ಉಳಿದುಕೊಂಡಿತು.

ನಾದಿನಿಗೆ ಆ ಮ್ಯೂಸಿಯಂ ಏಕೆ ಬೇಕಾಗಿತ್ತೆಂದರೆ, ಅವಳ ಮಗ ಸೈನ್ಯದಲ್ಲಿದ್ದಾನೆ. 2023ರಲ್ಲಿ ಅಗ್ನಿವೀರನಾಗಿ ಸೇರಿದ. ನಾಲ್ಕು ವರ್ಷದ ನೌಕರಿ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಮಾತ್ರ ಉಳಿಸಿಕೊಳ್ಳುವ ಯೋಜನೆ ಅದು. ಅವನನ್ನು ಟ್ಯಾಂಕುಗಳ ದಳಕ್ಕೆ ಹಾಕಿ, ಅಹಮದ್‌ನಗರದಲ್ಲಿ ತರಬೇತಿ ಕೊಟ್ಟರು. ಆ ಊರಿಗೆ ಈಗ ಅಹಿಲ್ಯಾನಗರವೆಂದು ಹೆಸರು. ತರಬೇತಿ ಮುಗಿದು ಪ್ರಮಾಣ ಮಾಡುವ ದಿನ ತಂದೆತಾಯಿಗಳನ್ನು ಕರೆಯುತ್ತಾರೆ. ಅದೇ ವಾರ ಇವಳ ಗದ್ದೆ ಕೊಯ್ಲಿಗೆ ಬಂದಿತ್ತು, ಯಂತ್ರದ ಪಾಳಿ ಸಿಕ್ಕಿತ್ತು, ಬಿಟ್ಟರೆ ಮತ್ತೆ ಹದಿನೈದು ದಿನ. ಹೋಗಲಾಗಲಿಲ್ಲ. ಬತ್ತ ಬೆಳೆಯುವ ಮನೆಗಳಲ್ಲಿ ಇಂಥವು ಎಷ್ಟೋ ತಪ್ಪಿಹೋಗುತ್ತವೆ, ಯಾರೂ ಲೆಕ್ಕ ಇಡುವುದಿಲ್ಲ. ಇವಳು ಇಟ್ಟಿದ್ದಳು.

2025ರ ಮೇ ತಿಂಗಳಲ್ಲಿ ಗಡಿಯಲ್ಲಿ ನಡೆದುದು ನಿಮಗೆ ಗೊತ್ತೇ ಇದೆ. 7ನೇ ತಾರೀಖಿನಿಂದ 10ರ ಸಂಜೆಯವರೆಗೆ ದೇಶವೆಲ್ಲ ಟಿ.ವಿ. ಮುಂದೆ ಕುಳಿತಿತ್ತು. ನಮ್ಮ ನಾದಿನಿ ಟಿ.ವಿ. ಹಾಕಲು ಬಿಡಲಿಲ್ಲ. ಮಗನ ಫೋನು ಹತ್ತುತ್ತಿರಲಿಲ್ಲ. ಹಗಲೆಲ್ಲ ಅಕ್ಕಿ ಹಸನು ಮಾಡುತ್ತ ಕುಳಿತಳು, ಹಸನಾದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಹಾಕಿಕೊಂಡಳು. ಹನ್ನೊಂದರ ಬೆಳಿಗ್ಗೆ ಫೋನು ಬಂತು. "ಊಟ ಆಯ್ತೇನು?" ಎಂದಷ್ಟೇ ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಶಿರಡಿಯ ಹರಕೆ ಆ ನಾಲ್ಕು ದಿನಗಳದ್ದು. ಅದನ್ನು ತೀರಿಸಲು ಡಿಸೆಂಬರಿನಲ್ಲಿ ಹದಿನಾಲ್ಕು ಮಂದಿ ಹೆಂಗಸರು ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು, ದಡೇಸೂಗೂರಿನ ಹತ್ತಿರ ತುಂಗಭದ್ರೆಯನ್ನು ದಾಟಿ, ಸಿಂಧನೂರು, ಲಿಂಗಸುಗೂರಿನ ದಾರಿ ಹಿಡಿದೆವು.

ವಿಜಯಪುರದಲ್ಲಿ ಗೋಳಗುಮ್ಮಟ ನೋಡಿ, ಕೂಗಿ, ಪ್ರತಿಧ್ವನಿ ಕೇಳಿದ್ದಾಯಿತು. ಅಲ್ಲಿಂದ ಮುಲುಕ್ ಮೈದಾನ್ ತೋಪಿಗೆ ಹೋಗಬೇಕೆಂದು ನಾನೇ ಹಟ ಹಿಡಿದೆ. ಶಾಲೆಯಲ್ಲಿದ್ದಾಗ ಪ್ರವಾಸದಲ್ಲಿ ಒಮ್ಮೆ ನೋಡಿದ್ದೆ. ಆಗ ಅದರ ಮೇಲೆ ಕುಳಿತು ಜಾರಿದ್ದಷ್ಟೇ ನೆನಪು. ಈ ಸಲ ಬರೆದದ್ದನ್ನೆಲ್ಲ ಓದಿದೆ. ಬಹಳ ಜನ ಇದನ್ನು ವಿಜಯಪುರದ ತೋಪೆಂದೇ ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಅಲ್ಲ. ಅದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ, ನಿಜಾಮಶಾಹಿಯ ಸುಲ್ತಾನನಿಗಾಗಿ. ಹೊಯ್ದವನು ತುರ್ಕಿಯಿಂದ ಬಂದ ರೂಮಿ. ಸುಮಾರು 55 ಟನ್ ತೂಕ. ಬಾಯಿಯನ್ನು ಸಿಂಹದ ಬಾಯಿಯಂತೆ ಮಾಡಿ, ಹಲ್ಲುಗಳ ನಡುವೆ ಆನೆಯೊಂದು ಸಿಕ್ಕಿಕೊಂಡಂತೆ ಕಂಡರಿಸಿದ್ದಾನೆ. ಮೂರು ತಾಸಿನ ಬಿಸಿಲಿನಲ್ಲೂ ಮುಟ್ಟಿದರೆ ತಣ್ಣಗೆ, ಗೆಣ್ಣಿನಿಂದ ತಟ್ಟಿದರೆ ಗಂಟೆಯ ನಾದ. 1565ರಲ್ಲಿ ರಕ್ಕಸತಂಗಡಗಿಯಲ್ಲಿ ನಮ್ಮ ವಿಜಯನಗರ ಮುಳುಗಿದಾಗ ಈ ತೋಪೂ ಎದುರು ಪಾಳೆಯದಲ್ಲಿತ್ತೆಂದೂ, ಗುಂಡಿನ ಬದಲು ಚೀಲಗಟ್ಟಲೆ ತಾಮ್ರದ ದುಡ್ಡು ತುಂಬಿ ಹಾರಿಸಿದರೆಂದೂ ಒಂದು ಮಾತಿದೆ. ಹಂಪಿಗೆ ಹೋದಾಗಲೆಲ್ಲ ಮುರಿದ ಕಂಬಗಳ ಮೇಲೆ ಕೈಯಾಡಿಸುವ ನಾವು ಆ ತೋಪನ್ನು ಸವರಿ "ಎಷ್ಟು ನುಣುಪಾಗೈತಿ" ಎಂದೆವು.

ಮುಂದೆ 1632ರಲ್ಲಿ ಆದಿಲಶಾಹಿಯವರು ಇದನ್ನು ಪರಂಡಾ ಕೋಟೆಯಿಂದ ಗೆದ್ದು ತಂದರು. 10 ಆನೆ, 400 ಎತ್ತು, ನೂರಾರು ಆಳು ಎಳೆದವಂತೆ. ಊರ ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟರು. ಐವತ್ತು ವರ್ಷ ಕಳೆದ ಮೇಲೆ ಔರಂಗಜೇಬ ಬಂದು ವಿಜಯಪುರವನ್ನೇ ಗೆದ್ದ. ಅವನು ತೋಪನ್ನು ಒಯ್ಯಲಿಲ್ಲ. ತಾನು ಊರನ್ನೂ ಮುಲುಕ್ ಮೈದಾನನ್ನೂ ಗೆದ್ದೆನೆಂದು ಅದೇ ತೋಪಿನ ಮೇಲೆ ಕೆತ್ತಿಸಿದ. ಮೊದಲು ಮಾಡಿಸಿದವನ ಹೆಸರು ಅಲ್ಲೇ ಇದೆ, ಎರಕ ಹೊಯ್ದವನ ಹೆಸರೂ ಇದೆ, ಗೆದ್ದವನ ಹೆಸರೂ ಇದೆ. ಕಡೆಗೆ ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗೆ ಹಾಕಿದಾಗ ಹೆಚ್ಚಿನ ಬೇಡಿಕೆ ಬಂದದ್ದು 150 ರೂಪಾಯಿಗೆ. ಅಷ್ಟಕ್ಕೆ ಕೊಡಲು ಮನಸ್ಸು ಬಾರದೆ ಉಳಿಸಿದರು. ನಮ್ಮ ಮನೆಗಳ ಅಟ್ಟದ ಮೇಲೆ ಅತ್ತೆಯ ಕಾಲದ ಹಂಡೆ ಉಳಿಯುವುದೂ ಹೀಗೆಯೇ, ಗುಜರಿಯವನು ಸರಿಯಾದ ಬೆಲೆ ಹೇಳದ್ದರಿಂದ.

ಈ ತೋಪಿನ ಬಗ್ಗೆ ಇಷ್ಟೇಕೆ ಹೇಳಿದೆನೆಂದರೆ, ಗೆದ್ದು ತಂದ ಆಯುಧವನ್ನು ಜನರಿಗೆ ತೋರಿಸುವುದರಲ್ಲಿ ಒಂದು ಒಳ್ಳೆಯ ಮಾದರಿ ಅಂತ ಇದ್ದರೆ ಅದು ಇದೇ ಎಂದು ನನಗೆ ಮರುದಿನ ಅನಿಸಿತು. ಯಾರೂ ಉದ್ದೇಶಪಟ್ಟು ಹಾಗೆ ಮಾಡಿದ್ದಲ್ಲ. ಆದರೆ ಆ ಲೋಹದ ಮೇಲೆ ಮೂರು ಕಾಲದವರ ಮಾತು ಒಟ್ಟಿಗೆ ಇವೆ, ಒಬ್ಬನದು ಇನ್ನೊಬ್ಬನದನ್ನು ಅಳಿಸಿಲ್ಲ. ನೋಡುವವಳಿಗೆ ಅನುಮಾನ ಬರಲು ಜಾಗವಿದೆ: ಇದು ಯಾರದ್ದು ಹಾಗಾದರೆ?

ಮರುದಿನ ಅಹಿಲ್ಯಾನಗರ. ತೋಪು ಹುಟ್ಟಿದ ಊರಿಗೇ ಬಂದಿದ್ದೇವೆಂದು ಹೇಳಿದೆ. ಯಾರಿಗೂ ಅದರಲ್ಲಿ ಆಸಕ್ತಿ ಇರಲಿಲ್ಲ, ಎಲ್ಲರಿಗೂ ಚಹ ಬೇಕಾಗಿತ್ತು. ಅಲ್ಲಿಯ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ 1994ರಲ್ಲಿ ಆರಂಭವಾದದ್ದು. ಸೈನ್ಯದ ಟ್ಯಾಂಕು ದಳದ ತರಬೇತಿ ಕೇಂದ್ರವೇ ಅದನ್ನು ನಡೆಸುತ್ತದೆ. ಬಯಲಿನಲ್ಲಿ, ಮರಗಳ ನಡುವೆ, ಸಾಲಾಗಿ ಸುಮಾರು ಐವತ್ತು ಟ್ಯಾಂಕುಗಳು. ಮೊದಲ ಮಹಾಯುದ್ಧದ ಕಾಲದ, ಉಕ್ಕಿನ ಕವಚ ತೊಡಿಸಿದ ರೋಲ್ಸ್ ರಾಯ್ಸ್ ಕಾರು, ಇಂಗ್ಲೆಂಡಿನ ಮಟಿಲ್ಡಾ, ಚರ್ಚಿಲ್, ಸೆಂಚೂರಿಯನ್, ಆವಡಿಯಲ್ಲಿ ತಯಾರಾದ ನಮ್ಮ ವಿಜಯಂತ. ಜಪಾನಿನದೊಂದು ಪುಟ್ಟ ಟ್ಯಾಂಕು, ಎರಡನೆಯ ಮಹಾಯುದ್ಧದ್ದು, ಪಕ್ಕದವುಗಳ ನಡುವೆ ಅಣ್ಣನ ಅಂಗಿ ಹಿಡಿದು ಶಾಲೆಗೆ ಬಂದ ತಮ್ಮನಂತೆ ನಿಂತಿದೆ. ಅದರಲ್ಲಿ ಮೂವರು ಕೂರುತ್ತಿದ್ದರು. ಮೂವರು ಹೇಗೆ ಕೂತರೋ, ನಮ್ಮ ಮನೆಯ ಅಕ್ಕಿ ಡಬ್ಬಿಯಷ್ಟೂ ಜಾಗ ಇರಲಾರದು.

ನಾನು ಮೆಚ್ಚಿದ್ದನ್ನು ಮೊದಲು ಹೇಳಬೇಕು. ಜಾಗ ಸ್ವಚ್ಛವಾಗಿದೆ. ಗಲಾಟೆಯ ಹಾಡಿಲ್ಲ, ಜಯಘೋಷದ ಧ್ವನಿವರ್ಧಕವಿಲ್ಲ. ಮರದ ನೆರಳಿನಲ್ಲಿ ನಡೆಯುತ್ತಾ ನೋಡಬಹುದು. ಬೇರೆ ಬೇರೆ ದೇಶದ, ಬೇರೆ ಬೇರೆ ಕಾಲದ ಯಂತ್ರಗಳನ್ನು ಒಂದೇ ಸಾಲಿನಲ್ಲಿ ಇಟ್ಟಿರುವುದರಿಂದ, ನನ್ನಂಥ ಏನೂ ತಿಳಿಯದವಳಿಗೂ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. ವರ್ಷ ಹೋದ ಹಾಗೆ ಉಕ್ಕು ದಪ್ಪವಾಗಿದೆ, ತೋಪಿನ ನಳಿಗೆ ಉದ್ದವಾಗಿದೆ, ಒಳಗೆ ಕೂರುವವನ ಜಾಗ ಮಾತ್ರ ಅಷ್ಟೇ ಇದೆ.

ಎಲ್ಲರೂ ನಿಲ್ಲುವುದು ಪ್ಯಾಟನ್ನಿನ ಮುಂದೆ. 1965ರ ಯುದ್ಧದಲ್ಲಿ ಪಾಕಿಸ್ತಾನದಿಂದ ವಶಪಡಿಸಿಕೊಂಡ ಟ್ಯಾಂಕು ಎಂದರೆ ನಮ್ಮ ತಲೆಮಾರಿನವರಿಗೆ ಪ್ಯಾಟನ್ನೇ. ಅದು ಅಮೆರಿಕದ ಯಂತ್ರ, ಅಲ್ಲಿಯ ದಂಡನಾಯಕನೊಬ್ಬನ ಹೆಸರು ಹೊತ್ತದ್ದು. ಎಂ-47 ಎಂಬ ಮಾದರಿ ಸುಮಾರು 46 ಟನ್, ಐದು ಮಂದಿ ಕೂರುವಂಥದು. ರಷ್ಯದ ವಿರುದ್ಧವೆಂದು ಮಾಡಿದ ಯಂತ್ರವನ್ನು ಅಮೆರಿಕ 1954ರ ಒಪ್ಪಂದದಂತೆ ಪಾಕಿಸ್ತಾನಕ್ಕೆ ಕೊಟ್ಟಿತು. ನೆರವಾಗಿ ಕೊಟ್ಟ ಆಯುಧ ನಿಮ್ಮ ಮೇಲೆ ಬೀಳದೆಂದು ಅಧ್ಯಕ್ಷ ಐಸೆನ್‌ಹೋವರ್ ನೆಹರೂ ಅವರಿಗೆ ಭರವಸೆಯನ್ನೂ ಕೊಟ್ಟಿದ್ದರು. ಹನ್ನೊಂದು ವರ್ಷಕ್ಕೆ ಬಿತ್ತು.

ಬಿದ್ದದ್ದು ಪಂಜಾಬಿನ ಖೇಮ್‌ಕರಣ್ ಹತ್ತಿರ, ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ, 1965ರ ಸೆಪ್ಟೆಂಬರ್ 8ರಿಂದ 10ರವರೆಗೆ. ಊರಿನ ಹೆಸರು ನಮ್ಮ ಕಿವಿಗೂ ಅರ್ಥವಾಗುವಂಥದು, ಅಸಲಾದ ಉತ್ತರ. ಆ ಯುದ್ಧವನ್ನು ನಮ್ಮ ಸಿರುಗುಪ್ಪದ ಹೆಂಗಸರಿಗೆ ವಿವರಿಸಲು ಭೂಪಟ ಬೇಡ. ಅಲ್ಲಿಯದೂ ಕಾಲುವೆ ಸೀಮೆ. ನಮ್ಮ ಎಲ್.ಎಲ್.ಸಿ. ಕಾಲುವೆಯ ಕೆಳಗಿನ ಹೊಲಗಳಂತೆಯೇ ನೀರು ಕಂಡ ನೆಲ. ನಮ್ಮ ಸೈನ್ಯದವರು ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟರು. ಎತ್ತರಕ್ಕೆ ಬೆಳೆದ ಕಬ್ಬಿನಲ್ಲಿ ತಮ್ಮ ಟ್ಯಾಂಕುಗಳನ್ನು ಅಡಗಿಸಿಟ್ಟು ಕಾದರು. 46 ಟನ್ನಿನ ಯಂತ್ರ ಕೆಸರಿಗೆ ಇಳಿಯಿತು. ನಾಟಿ ಹೊತ್ತಿನಲ್ಲಿ ಕಬ್ಬಿಣದ ಗಾಲಿ ಹಾಕದ ಟ್ರ್ಯಾಕ್ಟರು ಗದ್ದೆಗಿಳಿದರೆ ಏನಾಗುತ್ತದೆಂದು ನಮಗೆ ಯಾರು ಹೇಳಿಕೊಡಬೇಕು? ಪಾಕಿಸ್ತಾನದ 97 ಟ್ಯಾಂಕುಗಳು ಆ ಕಾಳಗದಲ್ಲಿ ಹಾಳಾದವು ಇಲ್ಲವೆ ಕೈವಶವಾದವು ಎಂಬ ಲೆಕ್ಕ ಸಾಮಾನ್ಯವಾಗಿ ಹೇಳುವುದು. ಕೆಲವಂತೂ ಓಡುವ ಸ್ಥಿತಿಯಲ್ಲೇ ಸಿಕ್ಕವು. ಅವನ್ನೆಲ್ಲ ಭಿಖಿವಿಂಡ್ ಎಂಬಲ್ಲಿ ತಂದು ಸಾಲಾಗಿ ನಿಲ್ಲಿಸಿದಾಗ ಜನ ಆ ಬಯಲಿಗೆ ಪ್ಯಾಟನ್ ನಗರ ಎಂದು ಹೆಸರಿಟ್ಟರು. ನಾನು ಹೇಳುತ್ತಿರುವ ಈ ಬಗೆಯ ಪ್ರದರ್ಶನಗಳಿಗೆ ನಮ್ಮ ದೇಶದಲ್ಲಿ ಅದೇ ತವರುಮನೆ.

ಇದನ್ನು ಕೇಳಿ ನಮ್ಮ ಗುಂಪಿನ ಹಿರಿಯಾಕೆ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. "ಆ ಕಬ್ಬು ಯಾರದಮ್ಮಾ?"

ನಾನು ನನ್ನ ತಕರಾರನ್ನು ಇಲ್ಲಿಂದಲೇ ಶುರು ಮಾಡುತ್ತೇನೆ. ಇದು ಆ ಒಂದು ಮ್ಯೂಸಿಯಮ್ಮಿನ ಮೇಲಿನ ತಕರಾರಲ್ಲ. ಈ ಜಾತಿಯ ಪ್ರದರ್ಶನಗಳಿಗೆಲ್ಲ ಒಂದು ಭಾಷೆ ಇದೆ, ಅದರ ಮೇಲೆ. ಫಲಕಗಳು ಏನು ಹೇಳುತ್ತವೆ? ತೂಕ ಇಷ್ಟು, ತೋಪಿನ ಬಾಯಿ ಇಷ್ಟು ಮಿಲಿಮೀಟರ್, ವೇಗ ಇಷ್ಟು, ಸಿಬ್ಬಂದಿ ಇಷ್ಟು. ಜಾತ್ರೆಯಲ್ಲಿ ಎತ್ತು ಮಾರುವವನು ಹಲ್ಲು ಸುಳಿ ಹೇಳಿದ ಹಾಗೆ. ಸಿಬ್ಬಂದಿ ಐದು ಎಂಬಲ್ಲಿ ಐದು ಎನ್ನುವುದೂ ನಳಿಗೆಯ ಅಳತೆಯಂತೆ ಒಂದು ಅಂಕಿ. ವಶಪಡಿಸಿಕೊಂಡದ್ದು ಎಂಬ ಮಾತು ಬರುತ್ತದೆ. ಹೇಗೆ ಎಂಬುದು ಬರುವುದಿಲ್ಲ. ಕೆಸರಿನಲ್ಲಿ ಬಿಟ್ಟು ಓಡಿದರೇ? ಒಳಗೇ ಇದ್ದರೇ? ಇದ್ದಿದ್ದರೆ ಅವರನ್ನು ಹೊರಗೆ ತೆಗೆದವರು ಯಾರು, ಮಣ್ಣು ಮಾಡಿದವರು ಯಾರು? ಇವನ್ನು ಕೇಳುವುದು ಶತ್ರುವಿನ ಪಕ್ಷ ವಹಿಸಿದ ಹಾಗಲ್ಲ. ಗೆಲುವನ್ನು ಪೂರ್ತಿ ಹೇಳಬೇಕಾದರೆ ಅದೂ ಬೇಕು. ಅರ್ಧ ಹೇಳಿದ ಗೆಲುವು ಕಬ್ಬಿಣದ ವ್ಯಾಪಾರವಾಗಿ ಕಾಣುತ್ತದೆ.

ಮತ್ತೆ ಬಣ್ಣ. ಬಿಸಿಲು ಮಳೆಗೆ ತುಕ್ಕು ಹಿಡಿಯಬಾರದೆಂದು ಇಂಥ ಯಂತ್ರಗಳಿಗೆಲ್ಲ ದಪ್ಪಗೆ ಬಣ್ಣ ಬಳಿಯಲೇಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೆ ಬಣ್ಣದಿಂದ ಎಲ್ಲವೂ ಶೋರೂಮಿನಿಂದ ಬಂದಂತೆ ಕಾಣುತ್ತದೆ. ಗಾಯವಿದ್ದ ಕಡೆಯೂ ಹಸಿರು, ಇಲ್ಲದ ಕಡೆಯೂ ಹಸಿರು. ಮಕ್ಕಳು ಫೋಟೋ ತೆಗೆಸಿಕೊಳ್ಳಲು ಅದು ಅನುಕೂಲ. ನಮ್ಮ ಜಿಲ್ಲೆಯಲ್ಲೂ ಶಾಲೆಯ ಮಕ್ಕಳನ್ನು ಇಂಥ ಕಡೆ ಕರೆದೊಯ್ಯಬೇಕೆಂದು ನನ್ನ ಅಭಿಪ್ರಾಯ, ಅದರಲ್ಲಿ ಎರಡು ಮಾತಿಲ್ಲ. ಕರೆದೊಯ್ದಾಗ ಒಂದಾದರೂ ಯಂತ್ರವನ್ನು ಅದು ಸಿಕ್ಕಿದ ಸ್ಥಿತಿಯಲ್ಲೇ, ಚಾವಣಿಯ ಕೆಳಗೆ, ಬಣ್ಣವಿಲ್ಲದೆ ಇಟ್ಟು ತೋರಿಸಿದರೆ ಮಾಸ್ತರರು ಭಾಷಣ ಮಾಡುವ ಅಗತ್ಯವಿರುವುದಿಲ್ಲ.

ಅಬ್ದುಲ್ ಹಮೀದರ ಕಥೆ ನಾವೆಲ್ಲ ಕೇಳಿದ್ದೇವೆ. ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯ ಧಾಮೂಪುರದವರು, ದರ್ಜಿಯ ಮನೆಯ ಮಗ. ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಒಂದಾದ ಮೇಲೊಂದು ಪ್ಯಾಟನ್ನುಗಳನ್ನು ಹೊಡೆದು, ಸೆಪ್ಟೆಂಬರ್ 10ರಂದು ತೀರಿಕೊಂಡರು. ಪರಮವೀರ ಚಕ್ರ ಬಂತು. ಅವರ ಹೆಂಡತಿ ರಸೂಲನ್ ಬೀಬಿ ಬದುಕಿದ್ದು 2019ರ ಆಗಸ್ಟಿನವರೆಗೆ, ಅಂದರೆ ಐವತ್ತನಾಲ್ಕು ವರ್ಷ. ಒಂದು ಯುದ್ಧ ಮೂರು ದಿನದಲ್ಲಿ ಮುಗಿದು, ಅದರ ಟ್ಯಾಂಕು ಮ್ಯೂಸಿಯಂ ಸೇರಿ, ಅದನ್ನು ಮಾಡಿದ ಕಾರ್ಖಾನೆಯವರು ಬೇರೆ ಮಾದರಿ ಮಾಡಿ, ಅದೂ ಹಳೆಯದಾಗಿ ಹೋಗುವಷ್ಟು ಕಾಲ. ಇಂಥವರ ಒಂದು ಫೋಟೋವನ್ನು ಪ್ಯಾಟನ್ನಿನ ಪಕ್ಕ ನಿಲ್ಲಿಸಿದರೆ ಪ್ರದರ್ಶನಕ್ಕೆ ಏನು ಕಡಿಮೆಯಾಗುತ್ತದೆ? ಟ್ಯಾಂಕಿನ ಗಾತ್ರ ಆಗ ನಮ್ಮ ಕಣ್ಣಿಗೆ ಸರಿಯಾಗಿ ಬೀಳುತ್ತದೆ ಎಂದೇ ನನ್ನ ನಂಬಿಕೆ.

ನಾನು ಹೀಗೆ ಮನಸ್ಸಿನಲ್ಲೇ ಫಲಕಗಳನ್ನು ತಿದ್ದುತ್ತಾ ನಡೆಯುವಾಗ ನಾದಿನಿ ಹಿಂದೆ ಉಳಿದಿದ್ದಳು. ತಿರುಗಿ ನೋಡಿದರೆ ಒಂದು ಟ್ಯಾಂಕಿನ ಸುತ್ತ ಸುತ್ತುತ್ತಿದ್ದಾಳೆ, ಗುಡಿಗೆ ಪ್ರದಕ್ಷಿಣೆ ಹಾಕಿದಂತೆ. ಹತ್ತಿರ ಹೋದೆ.

"ಅತ್ತಿಗೆ, ಇದರಾಗ ಕುಂತೋರು ಹೊರಗ ಹೆಂಗ ಬರ್ತಾರ?"

"ಮೇಲೆ ಮುಚ್ಚಳ ಇರ್ತೈತಿ ನೋಡು."

"ಅದು ಗೊತ್ತಾತು. ಒಬ್ಬೊಬ್ಬರಾಗಿ ಬರಬೇಕಲ್ಲ. ಕಡೀಕ ಬರೋನು ಯಾರು?"

ನನ್ನಲ್ಲಿ ಉತ್ತರವಿರಲಿಲ್ಲ. ಮುಚ್ಚಳದ ಅಗಲವನ್ನು ಕೆಳಗಿನಿಂದಲೇ ಎರಡು ಕೈ ಚಾಚಿ ಅಳೆದಳು. ಆಮೇಲೆ ಮಗನ ಭುಜದ ಅಗಲವನ್ನು ನೆನಪಿನಿಂದ ಅಳೆದಳು, ಗಾಳಿಯಲ್ಲಿ. ಸ್ವೆಟರು ಹೆಣೆಯುವಾಗ ಅಳೆದದ್ದಿರಬೇಕು. ಐವತ್ತು ಟ್ಯಾಂಕುಗಳ ಆ ಬಯಲಿನಲ್ಲಿ ಅವಳೊಬ್ಬಳೇ ನಳಿಗೆಯ ಕಡೆ ನೋಡಲಿಲ್ಲ. ಮುಚ್ಚಳಗಳನ್ನು ನೋಡಿದಳು. ಇದರದು ದೊಡ್ಡದು, ಅದರದು ಚಿಕ್ಕದು, ಇದಕ್ಕೆ ಮುಂದೆಯೂ ಒಂದಿದೆ, ಒಳ್ಳೇದಾಯ್ತು. ಪ್ರದರ್ಶನ ನೋಡುವ ವಿಧಾನವನ್ನು ನಾನು ಪುಸ್ತಕ ಓದಿ ಕಲಿತವಳು. ಅವಳ ಮುಂದೆ ಸುಮ್ಮನಾದೆ.

ಸುಮ್ಮನಾಗಲು ಇನ್ನೊಂದು ಕಾರಣವೂ ಇತ್ತು. ನನಗೆ ಅರುಣ್ ಖೇತ್ರಪಾಲರ ಕಥೆ ಗೊತ್ತಿತ್ತು. 1971ರ ಡಿಸೆಂಬರ್ 16, ಬಸಂತರ್ ಕಾಳಗ. ಪೂನಾ ಹಾರ್ಸ್ ಎಂಬ ದಳದ ಸೆಕೆಂಡ್ ಲೆಫ್ಟಿನೆಂಟ್, ವಯಸ್ಸು ಇಪ್ಪತ್ತೊಂದು. ಅವರ ಟ್ಯಾಂಕಿಗೆ ಬೆಂಕಿ ಹತ್ತಿತು. ಬಿಟ್ಟು ಹೊರಬರುವಂತೆ ರೇಡಿಯೋದಲ್ಲಿ ಆಜ್ಞೆ ಬಂತು. ತೋಪು ಇನ್ನೂ ಕೆಲಸ ಮಾಡುತ್ತಿದೆ, ಬಿಟ್ಟು ಬರುವುದಿಲ್ಲ ಎಂದರು. ಬರಲಿಲ್ಲ. ಫಾಮಗುಸ್ತಾ ಎಂಬ ಹೆಸರಿನ ಆ ಸೆಂಚೂರಿಯನ್ ಟ್ಯಾಂಕನ್ನು ದುರಸ್ತಿ ಮಾಡಿ ಇದೇ ಊರಿನ ತರಬೇತಿ ಕೇಂದ್ರದಲ್ಲಿ ಉಳಿಸಿಕೊಂಡಿದ್ದಾರೆ. ಇದನ್ನು ಅವಳಿಗೆ ಹೇಗೆ ಹೇಳಲಿ? ಕಡೆಗೆ ಬರುವವನು ಯಾರು ಎಂದು ಕೇಳಿದವಳಿಗೆ?

ಆ ಕಥೆಗೆ ಇನ್ನೊಂದು ತುದಿ ಇದೆ. ಅರುಣರ ತಂದೆ ಬ್ರಿಗೇಡಿಯರ್ ಎಂ.ಎಲ್. ಖೇತ್ರಪಾಲರು ದೇಶ ಒಡೆಯುವ ಮೊದಲು ಸರ್ಗೋಧಾದವರು. 2001ರಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಹುಟ್ಟಿದ ಊರನ್ನು ಇನ್ನೊಮ್ಮೆ ನೋಡಲು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಮನೆಯಲ್ಲಿ ಇಟ್ಟುಕೊಂಡು ಉಪಚರಿಸಿದವರು ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್. ಹೊರಡುವ ಹಿಂದಿನ ರಾತ್ರಿ ಆತ, ನಿಮ್ಮ ಮಗನ ಟ್ಯಾಂಕಿನ ಎದುರು ಆ ದಿನ ಇದ್ದವನು ನಾನೇ, ಅವನು ನನ್ನ ಕೈಯಿಂದಲೇ ತೀರಿಹೋದ ಎಂದು ಹೇಳಿಬಿಟ್ಟರು. ಹೇಳದೆಯೂ ಇರಬಹುದಾಗಿತ್ತು. ಅತಿಥಿ ಮರುದಿನ ಹೋಗುವವರಿದ್ದರು, ಯಾರಿಗೆ ತಿಳಿಯುತ್ತಿತ್ತು? ಇದು ಯಾವ ಫಲಕದಲ್ಲಿ ಹಿಡಿಯುವ ಮಾತೆಂದು ನನಗೂ ಹೊಳೆಯುವುದಿಲ್ಲ, ಅದಕ್ಕೆ ಮ್ಯೂಸಿಯಂಗಳನ್ನು ದೂರಿ ಫಲವಿಲ್ಲ.

ನಮ್ಮಲ್ಲಿ ಇರುವಂತೆ ಅವರಲ್ಲೂ ಇದೆ, ಹೇಳಬೇಕಲ್ಲ. 1965ರ ಸೆಪ್ಟೆಂಬರಿನಲ್ಲೇ ನಮ್ಮ ವಾಯುಪಡೆಯ ಒಂದು ನ್ಯಾಟ್ ವಿಮಾನ ಅವರ ಪಸ್ರೂರಿನಲ್ಲಿ ಇಳಿದು ಕೈವಶವಾಯಿತು. ಅದನ್ನು ಕರಾಚಿಯ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಆ ಜಾತಿಯ ವಿಮಾನಗಳು ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದವು. ಅಲ್ಲಿಯ ತಾಯಂದಿರೂ ಭಾನುವಾರ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿರಬೇಕು. ಇನ್ನು ಟಿಪ್ಪೂವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ಆ ಮರದ ಹುಲಿಯನ್ನು ಲಂಡನ್ನಿನಲ್ಲಿ ಕಂಪನಿಯ ಕಚೇರಿಯಲ್ಲಿಟ್ಟು ಜನರಿಗೆ ತೋರಿಸಿದರು. ಈಗಲೂ ಅದು ಅಲ್ಲಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಗೆದ್ದು ತಂದ ವಸ್ತುವಿನ ಪ್ರದರ್ಶನ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಸೋತ ಊರಿನವಳಾಗಿ ಒಮ್ಮೆ ನಿಂತು ನೋಡಿದರೆ ಬೇಗ ತಿಳಿಯುತ್ತದೆ. ಆ ಹುಲಿಯ ಮುಂದೆ ನಾನು ನಿಂತರೆ, ಇದನ್ನು ಕೆತ್ತಿದ ಬಡಗಿ ಯಾವ ಊರಿನವನು, ಆ ದಿನ ಶ್ರೀರಂಗಪಟ್ಟಣದ ಹೆಂಗಸರು ಎಲ್ಲಿ ಅಡಗಿದ್ದರು ಎಂದು ಹುಡುಕುತ್ತೇನೆ. ಪ್ಯಾಟನ್ನಿನ ಮುಂದೆ ಆ ಕಡೆಯವಳೊಬ್ಬಳು ಬಂದು ನಿಂತರೆ ಅವಳು ಹುಡುಕುವುದೂ ಇಂಥದನ್ನೇ. ನಾದಿನಿಯಂತೆ ಅವಳೂ ಮುಚ್ಚಳ ನೋಡಿಯಾಳು.

ನಮ್ಮ ಬಳ್ಳಾರಿಗೂ ಇದರಲ್ಲಿ ಒಂದು ಎಳೆ ಇದೆ, ಬಿಡಲು ಮನಸ್ಸಾಗದೆ ಬರೆಯುತ್ತಿದ್ದೇನೆ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಬ್ರಿಟಿಷರು ಬಳ್ಳಾರಿಯಲ್ಲಿ ಇಟ್ಟಿದ್ದರು. ಅಹಮದ್‌ನಗರದಲ್ಲಿ ಜರ್ಮನರನ್ನು ಇಟ್ಟಿದ್ದರು. 1917ರಲ್ಲಿ ರೆಡ್‌ಕ್ರಾಸ್‌ನವರು ಎರಡೂ ಕಡೆ ಬಂದು ಶಿಬಿರಗಳನ್ನು ನೋಡಿ ವರದಿ ಬರೆದರು. ಅಹಮದ್‌ನಗರದ ಕೋಟೆಯಲ್ಲೇ 1942ರಿಂದ ನೆಹರೂ ಸೆರೆಯಲ್ಲಿದ್ದು ಪುಸ್ತಕ ಬರೆದರು. ಸೆರೆ ಹಿಡಿದ ಮನುಷ್ಯರನ್ನು ಒಂದು ದಿನ ಬಿಡಲೇಬೇಕಾಗುತ್ತದೆ. 1971ರ ಯುದ್ಧದ ಸುಮಾರು 93,000 ಸೆರೆಯಾಳುಗಳನ್ನು ನಾವೂ 1974ರೊಳಗೆ ಕಳಿಸಿಕೊಟ್ಟೆವು. ಸೆರೆ ಹಿಡಿದ ಕಬ್ಬಿಣಕ್ಕೆ ಬಿಡುಗಡೆ ಇಲ್ಲ. ಅದಕ್ಕೆ ಮನೆಯಲ್ಲಿ ಕಾಯುವವರೂ ಇಲ್ಲ.

ಮ್ಯೂಸಿಯಂ ಬಿಟ್ಟು ಶಿರಡಿ ಸೇರಿದಾಗ ರಾತ್ರಿಯಾಗಿತ್ತು. ಬೆಳಗಿನ ಜಾವ ಸಾಲಿನಲ್ಲಿ ನಿಂತು, ಹರಕೆ ಮುಗಿಸಿ, ಮಧ್ಯಾಹ್ನಕ್ಕೆ ಹೊರಟೆವು. ಸೊಲ್ಲಾಪುರದ ಚಾದರಗಳ ಗಂಟುಗಳ ನಡುವೆ ಎಲ್ಲರೂ ಮಲಗಿದ್ದರು. ವಿಜಯಪುರ ದಾಟುವಾಗ ನಡುರಾತ್ರಿ, ತೋಪಿರುವ ಕೊತ್ತಲ ಕತ್ತಲೆಯಲ್ಲಿ ಕಾಣಲಿಲ್ಲ. ನಾದಿನಿ ಎಚ್ಚರವಿದ್ದಳು. ಪ್ರಸಾದದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು:

"ಆ ಹುಡುಗನ ಕಥಿ ನಂಗೂ ಗೊತ್ತೈತಿ ಅತ್ತಿಗೆ. ಟ್ಯಾಂಕಿನಾಗೇ ಉಳಿದನಲ್ಲ, ಆ ಹುಡುಗಂದು. ಟ್ರೇನಿಂಗಿನಾಗ ಮೊದಲು ಅದನ್ನೇ ಹೇಳ್ತಾರಂತ. ಇವನು ಫೋನಿನಾಗ ಹೇಳ್ಯಾನ."

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು.

"ಅವರಪ್ಪ ಆ ಕಡೆಯೋರ ಮನಿಯಾಗ ಉಂಡನಂತ, ಹೌದೇನು?"

"ಹೌದಂತೆ. ಉಂಡರಂತೆ. ಕೆಲವು ದಿನ ಅಲ್ಲೇ ಇದ್ದರಂತೆ."

"ಗೊತ್ತಾಗೋಕ ಮೊದಲೋ, ಆಮ್ಯಾಲೋ?"

"ಮೊದಲು."

ಅವಳು ಪೊಟ್ಟಣವನ್ನು ಬಿಚ್ಚಿ, ನನಗೊಂದು ಪೇಡೆ ಕೊಟ್ಟು, ತಾನೂ ಒಂದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮಗನ ಪಾಲೆಂದು ಮತ್ತೆ ಕಟ್ಟಿಟ್ಟಳು. ಅವನಿಗೆ ರಜೆ ಸಿಗುವುದು ಮಾರ್ಚಿನಲ್ಲಿ, ಅಷ್ಟರವರೆಗೆ ಅದು ಉಳಿಯುವುದಿಲ್ಲ ಎಂದು ನಾನು ಹೇಳಲಿಲ್ಲ.